ಒಂದು ಹಿಡಿ ಜೋಳದ ಲೆಕ್ಕ

ಒಲೆ ಹಚ್ಚುವ ಮುನ್ನ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಜೋಳದ ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ತೆಗೆದು, ಅಡುಗೆಮನೆಯ ಮಾಡದಲ್ಲಿದ್ದ ಹಳೆಯ ಡಾಲ್ಡಾ ಡಬ್ಬಿಗೆ ಹಾಕುತ್ತಿದ್ದಳು. ಡಬ್ಬಿಯ ಮೇಲಿನ ತಾಳೆಮರದ ಚಿತ್ರ ಆಗಲೇ ಮಾಸಿ, ಹಸಿರು ಗರಿ ಒಂದೆರಡು ಮಾತ್ರ ಉಳಿದಿದ್ದವು. ತಿಂಗಳ ಮೊದಲ ದಿನಗಳಲ್ಲಿ ಕಾಳು ತಗಡಿನ ತಳಕ್ಕೆ ಬಿದ್ದು ಖಣಖಣ ಎನ್ನುತ್ತಿತ್ತು. ಡಬ್ಬಿ ತುಂಬುತ್ತ ಬಂದಂತೆ ಸದ್ದು ಮೆತ್ತಗಾಗಿ, ಕಡೆಗೆ ಕಾಳಿನ ಮೇಲೆ ಕಾಳು ಜಾರಿದ ಸರಸರ ಮಾತ್ರ ಕೇಳುತ್ತಿತ್ತು. ತಿಂಗಳು ಎಷ್ಟು ಕಳೆದಿದೆ ಎಂಬುದನ್ನು ನಾನು ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೇ ಹೇಳಬಲ್ಲವಳಾಗಿದ್ದೆ.

ನಮ್ಮದು ಬೈಲಹೊಂಗಲ ತಾಲ್ಲೂಕಿನ ಒಂದು ಎರೆಮಣ್ಣಿನ ಊರು. ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆ ಬೆಳೆಯುವ ಹೊಲ. ಆಯಿ ಓದು ಬರಹ ಕಲಿತವಳಲ್ಲ. ಆದರೆ ಆ ಹಿಡಿಯ ವಿಷಯದಲ್ಲಿ ಅವಳಷ್ಟು ಕಟ್ಟುನಿಟ್ಟಾದವರನ್ನು ನಾನು ಮುಂದೆ ಬ್ಯಾಂಕಿನ ನೌಕರಿಯಲ್ಲೂ ನೋಡಲಿಲ್ಲ. ಬರಗಾಲದ ವರ್ಷ ಮನೆಯಲ್ಲಿ ಎರಡು ಹೊತ್ತಿನ ರೊಟ್ಟಿ ಒಂದು ಹೊತ್ತಿಗೆ ಇಳಿದಾಗಲೂ ಹಿಡಿ ತಪ್ಪಲಿಲ್ಲವಂತೆ; ಹಿಡಿ ಸ್ವಲ್ಪ ಸಡಿಲವಾಗಿತ್ತೇನೋ ಎಂದು ಅವ್ವ ನಗುತ್ತ ಹೇಳುತ್ತಿದ್ದಳು. ಇತ್ತೀಚೆಗೆ ನಾನು ಕುತೂಹಲಕ್ಕೆ ಅಡುಗೆಮನೆಯ ತಕ್ಕಡಿಯ ಮೇಲೆ ಒಂದು ಹಿಡಿ ಜೋಳ ಇಟ್ಟು ನೋಡಿದೆ. 45 ಗ್ರಾಂ ಬಂತು. ವರ್ಷಕ್ಕೆ 16 ಕಿಲೋ ಚಿಲ್ಲರೆ. ಆಯಿಯ ಕೈ ನನ್ನ ಕೈಗಿಂತ ದೊಡ್ಡದಿತ್ತು, ಆದ್ದರಿಂದ 20 ಕಿಲೋ ಎಂದೇ ಹಿಡಿಯೋಣ. ಒಂದು ಮನೆಯಿಂದ ವರ್ಷಕ್ಕೆ ಇಪ್ಪತ್ತು ಕಿಲೋ ಜೋಳ, ದೊಡ್ಡ ಸಂಗತಿಯೇನಲ್ಲ. ಹಾಗೆ ಹಿಡಿ ತೆಗೆದಿಡುವ ಮನೆಗಳು ಊರಲ್ಲಿ ನೂರಿದ್ದರೆ ಅದು ಇಪ್ಪತ್ತು ಕ್ವಿಂಟಲ್ ಆಗುತ್ತದೆ.

ಸುಗ್ಗಿ ಮುಗಿದ ಮೇಲೆ ಮಠದ ಕಡೆಯವರು ಚಕ್ಕಡಿ ತಂದು ಮನೆಮನೆಯ ಕಾಳನ್ನು ಚೀಲಕ್ಕೆ ಸುರಿದುಕೊಂಡು ಹೋಗುತ್ತಿದ್ದರು. ಅಲ್ಲಿಂದ ಅದು ಹಳ್ಳಿಯ ಹುಡುಗರು ಉಂಡು ಉಳಿದು ಓದುವ, ಪೇಟೆಯ ಉಚಿತ ಪ್ರಸಾದ ನಿಲಯಗಳಿಗೆ ಹೋಗುತ್ತಿತ್ತು ಎಂಬುದು ನನಗೆ ದೊಡ್ಡವಳಾದ ಮೇಲೆ ತಿಳಿದ ವಿಷಯ. ಆಯಿಗೆ ಅದು ತಿಳಿದಿತ್ತೋ ಇಲ್ಲವೋ, ತಿಳಿಯಬೇಕೆಂಬ ಆಸೆಯಂತೂ ಅವಳಿಗೆ ಇರಲಿಲ್ಲ. ಒಮ್ಮೆ ನಾನು, ಈ ಜೋಳ ಯಾರು ತಿನ್ನುತ್ತಾರೆ ಎಂದು ಕೇಳಿದಾಗ ಅವಳು ಡಬ್ಬಿಯ ಮುಚ್ಚಳ ಒತ್ತುತ್ತ ಹೇಳಿದ ಮಾತು ಇಷ್ಟು: "ಯಾರ ಹೊಟ್ಟಿಗಿ ಹೋತು ಅಂತ ಕೇಳಿದ್ರ ಕೊಟ್ಟಂಗ ಆಗೂದಿಲ್ಲಾ ಯವ್ವಾ, ಸಾಲಾ ಕೊಟ್ಟಂಗ ಆಕ್ಕೈತಿ."

ಈ ಹಿಡಿಯ ಹಿಂದೆ ಒಂದು ಶತಮಾನದ ಕಥೆಯಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಕಡೆಯ ಹಳ್ಳಿಗಳಲ್ಲಿ ಓದು ಎಂದರೆ ಪೇಟೆಗೆ ಹೋಗುವುದು, ಪೇಟೆಗೆ ಹೋಗುವುದೆಂದರೆ ಅಲ್ಲಿ ಊಟಕ್ಕೆ ದಾರಿ ಇರಬೇಕಾದದ್ದು. ಶಾಲೆಯ ಫೀಸಿಗಿಂತ ಮೊದಲು ಹುಡುಗರನ್ನು ಹಿಂದಕ್ಕೆ ಕಳಿಸುತ್ತಿದ್ದದ್ದು ಹಸಿವು. ಈ ಮಾತನ್ನು ಅರಿತವರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳು ಒಬ್ಬರು. 1904ರಲ್ಲಿ ಅವರ ಮುಂದಾಳತ್ವದಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆ ಹುಟ್ಟಿತು. 1909ರಲ್ಲಿ ಬಾದಾಮಿಯ ಹತ್ತಿರ ಶಿವಯೋಗ ಮಂದಿರ ಕಟ್ಟಿದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ತರುಣ ಶಿಕ್ಷಕರು ಕೆ.ಎಲ್.ಇ. ಶಿಕ್ಷಣ ಸಂಸ್ಥೆಯನ್ನು ಹುಟ್ಟುಹಾಕಿದರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಹಳ್ಳಿಯ ಹುಡುಗರಿಗೆ ಅನ್ನ ಮತ್ತು ಆಸರೆ ಎರಡನ್ನೂ ಒದಗಿಸಿದರು. ಇವೆಲ್ಲ ದೊಡ್ಡ ಹೆಸರುಗಳು, ಸರಿಯಾಗಿಯೇ ನೆನಪಾಗುತ್ತವೆ. ಆದರೆ ಇಂಥ ಅಡುಗೆಮನೆಗಳಿಗೆ ಕಾಳು ಬಂದದ್ದು ಎಲ್ಲಿಂದ ಎಂದು ಹಿಂದಕ್ಕೆ ಹುಡುಕುತ್ತ ಹೋದರೆ, ನಮ್ಮ ಸುತ್ತಿನ ಎಷ್ಟೋ ಮನೆಗಳ ಮಾಡದಲ್ಲಿ ಒಂದೊಂದು ಡಬ್ಬಿಯೋ ಗಡಿಗೆಯೋ ಸಿಗುತ್ತದೆ.

ಮಹಾಸಭೆಯ ಆ ಮೊದಲ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದವರು ಸಿರಸಂಗಿಯ ಲಿಂಗರಾಜ ದೇಸಾಯಿ. ನಮ್ಮ ಊರಿನಿಂದ ಸಿರಸಂಗಿ ದೂರವಲ್ಲ, ಆದ್ದರಿಂದ ಅವರ ಹೆಸರು ನಮ್ಮಲ್ಲಿ ಮನೆಯ ಹಿರಿಯರ ಹೆಸರಿನಂತೆ ಬಳಕೆಯಲ್ಲಿತ್ತು. 1861ರಲ್ಲಿ ಶಿಗ್ಲಿಯಲ್ಲಿ ಹುಟ್ಟಿ, ಸಿರಸಂಗಿಯ ದೇಸಾಯಿ ಮನೆತನಕ್ಕೆ ದತ್ತಕ ಬಂದವರು ಅವರು. 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ಬಡ ವಿದ್ಯಾರ್ಥಿಗಳ ಓದಿಗೆಂದು ಮರಣಪತ್ರದಲ್ಲಿ ಬರೆದಿಟ್ಟರು. ದತ್ತಕ ಎಂಬ ಪದ್ಧತಿಯೇ ವಂಶ ಮುಂದುವರಿಯಲೆಂದು, ಆಸ್ತಿ ಮನೆಯಲ್ಲೇ ಉಳಿಯಲೆಂದು ಇರುವಂಥದ್ದು. ಹಾಗೆ ದತ್ತಕ ಬಂದ ಮನುಷ್ಯನೇ ಆ ಆಸ್ತಿಯನ್ನು ಮನೆಯ ಹೊರಗೆ ದಾಟಿಸಿದರು. ಅವರ ಹಣದಲ್ಲಿ ಓದಿದವರು, ಓದಿದವರ ಮಕ್ಕಳು, ಆ ಮಕ್ಕಳ ಮಕ್ಕಳು ಇವತ್ತು ಎಲ್ಲೆಲ್ಲಿದ್ದಾರೋ ಎಣಿಸುವವರಿಲ್ಲ.

ವಂಶ ಎಂಬ ಮಾತಿನ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಗದಗಿನ ವೀರೇಶ್ವರ ಪುಣ್ಯಾಶ್ರಮವೂ ನೆನಪಾಗುತ್ತದೆ. ಹಾನಗಲ್ಲ ಕುಮಾರ ಸ್ವಾಮಿಗಳು ವಿರಕ್ತರು. ಅವರಿಗೆ ಹೆಂಡತಿ ಮಕ್ಕಳ ಮಾತೇ ಇಲ್ಲ. ಅವರು ಕೈಹಿಡಿದು ಸಂಗೀತ ಕಲಿಸಲು ಏರ್ಪಾಟು ಮಾಡಿದ ಅಂಧ ಹುಡುಗ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಅವರ ಕೈಕೆಳಗೆ ಬೆಳೆದ ಇನ್ನೊಬ್ಬ ಅಂಧ ಹುಡುಗ ಪುಟ್ಟರಾಜ ಗವಾಯಿಗಳಾಗಿ 2010ರವರೆಗೆ ಬದುಕಿ, ಕಣ್ಣಿಲ್ಲದ ಅದೆಷ್ಟೋ ಮಕ್ಕಳಿಗೆ ಹಾರ್ಮೋನಿಯಂ, ತಬಲಾ, ಹಾಡಿಕೆ ಕಲಿಸಿ ಊಟ ಹಾಕಿದರು. ಮನೆ ಬಿಟ್ಟವರ ನಂಬಿಕೆ ಮೂರು ತಲೆಮಾರು ದಾಟಿ ಬಂದ ಬಗೆ ಇದು. ಮನೆಯೊಳಗೇ ಉಳಿದವರ ನಂಬಿಕೆ ಮಾತ್ರ ಅಷ್ಟು ನೇರವಾದ ದಾರಿ ಹಿಡಿಯುವುದಿಲ್ಲ. ಅದಕ್ಕೆ ನಮ್ಮ ಅಪ್ಪನೇ ಸಾಕ್ಷಿ.

ಅಪ್ಪ ಓದಲು ಧಾರವಾಡಕ್ಕೆ ಹೋದದ್ದು ಅರವತ್ತರ ದಶಕದಲ್ಲಿ. ಉಳಿದದ್ದು ಒಂದು ಉಚಿತ ಪ್ರಸಾದ ನಿಲಯದಲ್ಲಿ. ಅಲ್ಲಿನ ರೊಟ್ಟಿಯ ವರ್ಣನೆಯನ್ನು ಅವರು ಬಾಯಿ ಚಪ್ಪರಿಸದೆ, ಆದರೆ ಬಹಳ ಪ್ರೀತಿಯಿಂದ ಮಾಡುತ್ತಿದ್ದರು. ನೂರಾರು ಮನೆಗಳ ಹಿಡಿಗಳು ಕೂಡಿದ ಚೀಲದಲ್ಲಿ ಒಂದು ಜಾತಿಯ ಜೋಳ ಇರುತ್ತಿರಲಿಲ್ಲ. ಬೆಳ್ಳಗಿನ ದುಂಡು ಕಾಳು, ಮಳೆಗೆ ಸಿಕ್ಕು ಕಪ್ಪಾದ ಕಾಳು, ನೆಲದೊಳಗಿನ ಹಳೆಯ ಹಗೇವಿನಿಂದ ತೆಗೆದ ಮುಗ್ಗಲು ವಾಸನೆಯ ಕಾಳು, ಎಲ್ಲ ಒಂದೇ ಗಿರಣಿಗೆ ಹೋಗುತ್ತಿದ್ದವು. ಹಾಗಾಗಿ ಹಿಟ್ಟಿಗೆ ಜಿಗಿ ಇರುತ್ತಿರಲಿಲ್ಲ. ಬಡಿಯುವಾಗ ರೊಟ್ಟಿ ಅಂಚಿನಲ್ಲಿ ಹರಿಯುತ್ತಿತ್ತು, ಅಡುಗೆಯವರು ಗೊಣಗುತ್ತಿದ್ದರು. ಊರೂರ ಜೋಳದ ಆ ಹರಕು ರೊಟ್ಟಿಯನ್ನು ಬೇಳೆಸಾರಿನಲ್ಲಿ ಮುರಿದುಕೊಂಡು ತಿಂದು ಅಪ್ಪ ಪದವಿ ಮುಗಿಸಿದರು. ಆಯಿ ತೆಗೆದಿಟ್ಟ ಜೋಳ ಯಾರದೋ ಮಗನ ಹೊಟ್ಟೆಗೆ ಹೋಗಿತ್ತು, ಯಾರದೋ ಆಯಿಯ ಜೋಳ ಅವಳ ಮಗನ ಹೊಟ್ಟೆಗೆ ಬಂದಿತ್ತು. ಆಯಿ ಈ ಲೆಕ್ಕವನ್ನು ಎಂದೂ ಕೂಡಿಸಿ ನೋಡಲಿಲ್ಲ. ಕೂಡಿಸಿದವಳು ನಾನು.

ಪ್ರಸಾದ ನಿಲಯದಲ್ಲಿ ಬೆಳಗಿನ ಲಿಂಗಪೂಜೆ ಕಡ್ಡಾಯವಾಗಿತ್ತು. ಅಪ್ಪ ತಪ್ಪದೆ ಮಾಡುತ್ತಿದ್ದರಂತೆ. ವಚನಗಳನ್ನು ಅವರು ಮನಸ್ಸಿಟ್ಟು ಓದಿದ್ದೂ ಅಲ್ಲಿಯೇ. ಆದರೆ ಓದು ಮುಗಿಸಿ ಊರಿಗೆ ಬಂದ ಎರಡನೆಯ ವರ್ಷ ಒಂದು ಜಾತ್ರೆಯ ಪ್ರಸಾದದಲ್ಲಿ, ದಲಿತರ ಕೇರಿಯಿಂದ ಬಂದವರನ್ನು ಬೇರೆ ಪಂಕ್ತಿಯಲ್ಲಿ ಕೂರಿಸಿದ್ದನ್ನು ನೋಡಿ, ಎಲೆಯ ಮುಂದಿನಿಂದ ಎದ್ದು ಮನೆಗೆ ಬಂದು, ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಶಿವದಾರ ಸಮೇತ ತೆಗೆದು ಜಗುಲಿಯ ಮೇಲೆ ಇಟ್ಟರು. ದೇವರನ್ನು ನಂಬದವರಾಗಿ ತೆಗೆದರೋ, ಓದಿದ್ದನ್ನು ಅತಿಯಾಗಿ ನಂಬಿ ತೆಗೆದರೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ಕೇಳಿದಾಗಲೆಲ್ಲ ಅವರು "ಎರಡೂ ಒಂದs" ಎಂದು ಮಾತು ಮುಗಿಸುತ್ತಿದ್ದರು.

ಆಯಿ ಜಗಳ ತೆಗೆಯಲಿಲ್ಲ. ಅಳಲೂ ಇಲ್ಲ. ಬೆಳ್ಳಿಯ ಆ ಕರಡಿಗೆಯನ್ನು ಸೆರಗಿನಿಂದ ಒರೆಸಿ, ತನ್ನ ಟ್ರಂಕಿನಲ್ಲಿ ಇಳಕಲ್ ಸೀರೆಯ ಮಡಿಕೆಯೊಳಗೆ ಇಡುತ್ತ, "ನೀ ಬಿಟ್ರ ಬಿಡಪಾ, ಅದು ನಿನ್ನ ಬಿಡೂದಿಲ್ಲ. ನಾ ತಗದ ಇಟ್ಟಿರತೀನಿ" ಎಂದಳಂತೆ. ಅಂದಿನಿಂದ ತಾನು ಪೂಜೆಗೆ ಕುಳಿತಾಗ ತನ್ನ ಲಿಂಗದ ಜೊತೆಗೆ ಮಗನ ಲಿಂಗಕ್ಕೂ ಒಂದು ಬಿಲ್ವಪತ್ರೆ ಏರಿಸುತ್ತಿದ್ದಳು. ಮಗನ ಪಾಲಿನ ಪೂಜೆಯನ್ನು ತಾನು ಮಾಡಿಬಿಟ್ಟರೆ ಲೆಕ್ಕ ಸಮವಾಯಿತು ಎಂಬ ಅವಳ ನಂಬಿಕೆಯಲ್ಲಿ ಶಾಸ್ತ್ರ ಎಷ್ಟಿತ್ತೋ ಕಾಣೆ, ತಾಯ್ತನವಂತೂ ಇತ್ತು.

ನನಗೆ ಲಿಂಗ ಕಟ್ಟಲಿಲ್ಲ. ಅದು ಅಪ್ಪನ ತೀರ್ಮಾನ. ಹಾಗೆ ನೋಡಿದರೆ ನಾನು ನಂಬಿಕೆಯನ್ನು ಬಿಟ್ಟವಳಲ್ಲ, ಬಿಟ್ಟವರ ಮಗಳು. ಈ ಎರಡರ ನಡುವಿನ ಅಂತರ ನನಗೆ ನಲವತ್ತು ದಾಟಿದ ಮೇಲೆ ಹೊಳೆಯಿತು. ಅಪ್ಪನಿಗೆ ಬಿಡುವ ಮುನ್ನ ಹಿಡಿದದ್ದು ಇತ್ತು. ಇಪ್ಪತ್ತು ವರ್ಷ ಎದೆಯ ಮೇಲೆ ತೂಗಿದ ಭಾರ ಎಷ್ಟೆಂದು ಗೊತ್ತಿದ್ದೇ ಅದನ್ನು ಇಳಿಸಿದರು. ನನ್ನ ಪಾಲಿಗೆ ಬಂದದ್ದು ಅವರ ವಾದದ ಉತ್ತರ ಮಾತ್ರ, ಪ್ರಶ್ನೆ ಬರಲಿಲ್ಲ. ನಂಬುವವರು ಮಕ್ಕಳ ಮೇಲೆ ನಂಬಿಕೆ ಹೇರುತ್ತಾರೆಂದು ನಾವು ಸುಲಭವಾಗಿ ಹೇಳುತ್ತೇವೆ. ನಂಬದವರೂ ಹೇರುತ್ತಾರೆ, ಅದರ ಸದ್ದು ಕಡಿಮೆ ಅಷ್ಟೆ.

ಇನ್ನು ಹರಕೆಯ ಮಾತು. ಅಪ್ಪನಿಗೆ ಐದು ವರ್ಷವಾಗಿದ್ದಾಗ ವಿಷಮಶೀತ ಜ್ವರ ಬಂದು, ಇಪ್ಪತ್ತು ದಿನ ಇಳಿಯದೆ, ಮನೆಯವರೆಲ್ಲ ಕೈ ಬಿಟ್ಟಿದ್ದರು. ಆಗ ಆಯಿ ಉಳವಿಯ ಚನ್ನಬಸವಣ್ಣನಿಗೆ ಹರಕೆ ಹೊತ್ತಳು: ಮಗ ಬದುಕಿದರೆ ಪ್ರತಿ ವರ್ಷ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಬರುತ್ತೇವೆ, ನಾನು ಸತ್ತ ಮೇಲೆ ನನ್ನ ಮಕ್ಕಳು ಮೊಮ್ಮಕ್ಕಳು ಬರುತ್ತಾರೆ. ಉಳವಿ ಇರುವುದು ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ದಟ್ಟ ಕಾಡಿನಲ್ಲಿ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಗಲಭೆಯ ನಂತರ ಬಸವಣ್ಣನವರ ಸೋದರಳಿಯ ಚನ್ನಬಸವಣ್ಣನವರು ಶರಣರೊಡನೆ ವಚನದ ಕಟ್ಟುಗಳನ್ನು ಉಳಿಸಿಕೊಂಡು ಬಂದು ನೆಲೆಸಿದ ಜಾಗ ಅದು ಎಂಬುದು ಪರಂಪರೆಯ ಮಾತು. ಅದಕ್ಕೇ ಧಾರವಾಡ, ಬೆಳಗಾವಿ ಕಡೆಯ ರೈತರು ಮಾಘ ಮಾಸದಲ್ಲಿ ಚಕ್ಕಡಿ ಹೂಡಿಕೊಂಡು ಆ ಕಾಡಿನ ದಾರಿ ಹಿಡಿಯುತ್ತಾರೆ. ಎತ್ತುಗಳಿಗೆ ಝೂಲ, ಕೊರಳಿಗೆ ಗೆಜ್ಜೆಸರ, ಕೋಡಿಗೆ ಬಣ್ಣ. ಚಕ್ಕಡಿಯಲ್ಲಿ ಒಣಗಿಸಿದ ಕಟಿರೊಟ್ಟಿಯ ಬುಟ್ಟಿ, ಶೇಂಗಾ ಚಟ್ನಿ, ಮೇವು. ಹಳ್ಳದ ದಂಡೆಯಲ್ಲಿ ರಾತ್ರಿ ಬಿಡಾರ.

ಕಲ್ಯಾಣದ ಆ ಗಲಭೆಯ ಕಥೆಯನ್ನು ನಾವೆಲ್ಲ ಕೇಳಿಯೇ ಬೆಳೆದವರು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಮದುವೆಯಾಯಿತು, ಇಬ್ಬರು ತಂದೆಯರಿಗೂ ಘೋರ ಶಿಕ್ಷೆಯಾಯಿತು, ಕಲ್ಯಾಣ ಹೊತ್ತಿ ಉರಿಯಿತು. ನಾನು ಸಣ್ಣವಳಿದ್ದಾಗ ಕೇಳಿದ ಪುರಾಣ ಪ್ರವಚನಗಳಲ್ಲಿ ಈ ಘಟನೆಯ ನಾಯಕರು ಯಾವಾಗಲೂ ಆ ಇಬ್ಬರು ಅಪ್ಪಂದಿರೇ. ಅವರ ನಿಷ್ಠೆ, ಅವರ ತ್ಯಾಗ. ಹಸೆಮಣೆಯ ಮೇಲೆ ಕುಳಿತಿದ್ದ ಆ ಇಬ್ಬರು ಎಳೆಯರನ್ನು ಯಾರಾದರೂ ಕೇಳಿದ್ದರೇ? ಕೇಳಿದ್ದರೆ ಅವರೂ ಹೂಂ ಎನ್ನುತ್ತಿದ್ದರೇನೋ, ಅವರೂ ಶರಣರ ಮಕ್ಕಳೇ. ಆದರೂ ಪ್ರವಚನ ಮುಗಿದು ಮಂಗಳಾರತಿಯಾಗುವಾಗ ನನಗೆ ಆ ಮದುಮಗಳೇ ನೆನಪಾಗುತ್ತಿದ್ದಳು. ಅಪ್ಪಂದಿರ ನಂಬಿಕೆ ಎಷ್ಟೇ ಉಜ್ವಲವಾಗಿರಲಿ, ಅರಿಶಿನದ ಮೈಯಲ್ಲಿ ಅದರ ನಡುವೆ ಕುಳಿತವಳು ಅವಳು.

ಭಾರತ ಹುಣ್ಣಿಮೆಯ ಆಜುಬಾಜು ನಮ್ಮೂರಿನ ಅಗಸೆಬಾಗಿಲಿನಿಂದ ಚಕ್ಕಡಿಗಳು ಎರಡು ದಿಕ್ಕಿಗೆ ಹೊರಡುತ್ತಿದ್ದವು. ನಮ್ಮದು ಉಳವಿಯ ಕಡೆಗೆ. ಇನ್ನು ಕೆಲವು ಮೂಡಣಕ್ಕೆ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ. ಅತ್ತ ಹೋಗುವವರಲ್ಲಿ ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುತ್ತಿದ್ದ ಒಬ್ಬಾಕೆ ಇದ್ದಳು. ಅವಳ ಅಣ್ಣ ಚಿಕ್ಕವನಿದ್ದಾಗ ಕಾಯಿಲೆ ಬಿದ್ದಿದ್ದನಂತೆ. ಅವರ ತಾಯಿಯೂ ಹರಕೆ ಹೊತ್ತಳು: ಮಗ ಉಳಿದರೆ ಮಗಳನ್ನು ಅಮ್ಮನಿಗೆ ಬಿಡುತ್ತೇನೆ. ಮಗ ಉಳಿದ. ಹತ್ತು ವರ್ಷದ ಹುಡುಗಿಗೆ ಮುತ್ತು ಕಟ್ಟಿ ದೇವದಾಸಿ ಮಾಡಿದರು. ಮುಂದಿನದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎರಡೂ ಮನೆಗಳಲ್ಲಿ ಒಬ್ಬ ತಾಯಿ, ಜ್ವರದಲ್ಲಿ ಮಲಗಿದ ಒಬ್ಬ ಮಗ, ಒಂದು ಮೊರೆ. ಒಂದು ಹರಕೆಯ ಬೆಲೆ ವರ್ಷಕ್ಕೊಮ್ಮೆ ಕಾಡಿನ ದಾರಿಯ ಪ್ರಯಾಣ. ಇನ್ನೊಂದರ ಬೆಲೆ ಒಬ್ಬ ಹೆಣ್ಣುಮಗಳ ಇಡೀ ಬದುಕು. ತಾಯಂದಿರ ಭಕ್ತಿಯನ್ನು ತೂಗಿದರೆ ತಕ್ಕಡಿ ಅತ್ತಿತ್ತ ಆಗಲಿಕ್ಕಿಲ್ಲ. ಮುಂಬಯಿ ಪ್ರಾಂತದಲ್ಲಿ 1934ರಷ್ಟು ಹಿಂದೆಯೇ ದೇವದಾಸಿ ಪದ್ಧತಿಯ ವಿರುದ್ಧ ಕಾಯ್ದೆ ಬಂದಿತ್ತು, 1982ರಲ್ಲಿ ಕರ್ನಾಟಕ ತನ್ನದೇ ಆದ ಇನ್ನೊಂದು ಕಾಯ್ದೆ ಮಾಡಿತು. ಮೊದಲ ಕಾಯ್ದೆ ಇದ್ದಾಗಲೇ ಈಕೆಗೆ ಮುತ್ತು ಕಟ್ಟಿದ್ದು. ಒಬ್ಬರು ಹೊತ್ತ ಹರಕೆಯನ್ನು ಇನ್ನೊಬ್ಬರ ಮೈಯಿಂದ ತೀರಿಸುವುದು ತಪ್ಪೆಂದು ಊರು ಅಂದುಕೊಳ್ಳದಿದ್ದಾಗ ಕಾಯ್ದೆ ಕಾಗದದ ಮೇಲೆಯೇ ಉಳಿಯುತ್ತದೆ. ಊರು ಹಾಗೆ ಅಂದುಕೊಳ್ಳಲಿಲ್ಲ. ದಿನಕ್ಕೊಂದು ಹಿಡಿ ತಪ್ಪದೆ ತೆಗೆದಿಡುತ್ತಿದ್ದ ನಮ್ಮ ಆಯಿಯೂ ಅಂದುಕೊಳ್ಳಲಿಲ್ಲ. ಆಕೆ ಮನೆಗೆ ಬಂದರೆ ಆಯಿ ಉಡಿ ತುಂಬ ಕಾಳು ಕೊಡುತ್ತಿದ್ದಳು, ಹಬ್ಬಕ್ಕೆ ಸೀರೆ ಕೊಡುತ್ತಿದ್ದಳು. ಆದರೆ ಅವಳಿಗಾದದ್ದು ಅನ್ಯಾಯ ಎಂದು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. "ಅದು ಎಲ್ಲವ್ವನ ಕೆಲಸ, ನಮ್ಮ ಬಾಯಿಗೆ ಯಾಕ" ಎಂದು ಮಾತು ಹಾರಿಸುತ್ತಿದ್ದಳು. ಆಯಿಯನ್ನು ನೆನೆದು ಬರೆಯುವಾಗ ಈ ಸಾಲನ್ನು ಬಿಟ್ಟುಬಿಡುವ ಆಸೆ ನನಗೂ ಆಯಿತು.

ಆಕೆಯ ಮಗಳನ್ನು ಶಾಲೆಗೆ ಸೇರಿಸಿಕೊಂಡವರು ನಮ್ಮ ಅಪ್ಪ. ಅಷ್ಟೊತ್ತಿಗೆ ಅವರು ಊರಿನ ಶಾಲೆಯಲ್ಲಿ ಮಾಸ್ತರರಾಗಿದ್ದರು. ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರು ಎಂಬ ಅಂಕಣಕ್ಕೆ ಬಂದಾಗ ಆಕೆ ತಲೆ ತಗ್ಗಿಸಿ ನಿಂತಳಂತೆ. ಅಪ್ಪ ಕೇಳಲೇ ಇಲ್ಲ. ಆ ಅಂಕಣದಲ್ಲಿ ಆಕೆಯ ಹೆಸರನ್ನೇ ಬರೆದು, ಶಾಯಿ ಒಣಗಲೆಂದು ಊದಿ, ಪುಸ್ತಕ ಮುಚ್ಚಿದರು. ಮೇಲಿನವರು ತಪಾಸಣೆಗೆ ಬಂದಾಗ ಮಾತು ಕೇಳಬೇಕಾಯಿತು, ಕೇಳಿದರು. ಕೊರಳಲ್ಲಿ ಲಿಂಗವಿಲ್ಲದ ಆ ಮನುಷ್ಯನ ಕೈಗೆ ಆ ಧೈರ್ಯ ಎಲ್ಲಿಂದ ಬಂತು ಎಂದು ಯೋಚಿಸಿದರೆ ನನಗೆ ಆ ಹರಕು ರೊಟ್ಟಿಯೇ ನೆನಪಾಗುತ್ತದೆ. ಆ ರೊಟ್ಟಿ ಕೊಟ್ಟವರಲ್ಲಿ ಬಹುಪಾಲು ಜನ ಅಪ್ಪನ ಈ ಕೆಲಸವನ್ನು ಮೆಚ್ಚುತ್ತಿರಲಿಲ್ಲ. ಅವರ ಕಾಳು ಅವರು ಊಹಿಸದ ಕಡೆ ಮೊಳೆಯಿತು. ಆ ಹುಡುಗಿ ಓದಿ ನರ್ಸ್ ಆದಳು. ಆಕೆಯ ಮಕ್ಕಳಿಗೆ ಎಲ್ಲಮ್ಮನ ಗುಡ್ಡ ಎಂದರೆ ಈಗ ಅಜ್ಜಿ ಹೋಗಬೇಡಿ ಎನ್ನುವ ಊರು.

ಅಪ್ಪ ಉಳವಿಗೆ ಹೋಗುವುದನ್ನು ಬಿಡಲಿಲ್ಲ ಎಂಬುದು ನಮ್ಮನೆಯ ತಮಾಷೆ. ದೇವರನ್ನು ನಂಬದ ಮನುಷ್ಯ ಪ್ರತಿ ಮಾಘದಲ್ಲಿ ಎತ್ತಿನ ಕೋಡಿಗೆ ಬಣ್ಣ ಹಚ್ಚುತ್ತ ಕುಳಿತಿರುತ್ತಿದ್ದರು. ಯಾಕೆಂದು ಕೇಳಿದರೆ, ಹರಕೆ ನನ್ನ ಸಲುವಾಗಿ ಹೊತ್ತದ್ದು, ಹೊತ್ತವಳು ನಮ್ಮವ್ವ, ದೇವರ ಲೆಕ್ಕ ನನಗೆ ಬೇಡ, ಅವ್ವನ ಲೆಕ್ಕ ಬೇಕು ಎನ್ನುತ್ತಿದ್ದರು. ಗುಡಿಯ ಒಳಗೆ ಹೋಗದೆ, ಹೊರಗೆ ಎತ್ತುಗಳಿಗೆ ನೀರು ಕುಡಿಸುತ್ತ ನಿಂತಿರುತ್ತಿದ್ದರು. ಆಯಿ ಒಳಗಿನಿಂದ ತಂದ ವಿಭೂತಿಯನ್ನು ಮಗನ ಹಣೆಗೆ ಹಚ್ಚಲು ಕೈ ಚಾಚಿದಾಗ ಮಾತ್ರ ತಲೆ ಬಾಗಿಸುತ್ತಿದ್ದರು. ಆಯಿ ತೀರಿಕೊಂಡ ಮೇಲೂ ಹೋದರು. ಎತ್ತು ಮಾರಿ ಟ್ರ್ಯಾಕ್ಟರ್ ತಂದ ಮೇಲೆ ಟ್ರೇಲರಿನಲ್ಲಿ ಹೋದರು. ಹರಕೆಯಲ್ಲಿ ಚಕ್ಕಡಿ ಎಂದಿತ್ತಲ್ಲ ಎಂದು ಅಣ್ಣ ಚೇಷ್ಟೆ ಮಾಡಿದರೆ, ಗಾಲಿ ಇದ್ದದ್ದೆಲ್ಲ ಚಕ್ಕಡಿಯೇ ಎಂದು ತಾವೇ ಶಾಸ್ತ್ರ ಹೇಳಿದರು.

ಅಪ್ಪ ತೀರಿಕೊಂಡ ದಿನದ್ದು ಇನ್ನೊಂದು ಮಾತು. ನಮ್ಮಲ್ಲಿ ಹೂಳುವುದು, ಕೂತ ಭಂಗಿಯಲ್ಲಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು, ಸುತ್ತ ವಿಭೂತಿ, ಬಿಲ್ವಪತ್ರೆ ತುಂಬಿ. ಮೂವತ್ತು ನಲವತ್ತು ವರ್ಷ ಲಿಂಗ ಧರಿಸದ ಮನುಷ್ಯನ ಕೈಯಲ್ಲಿ ಏನಿಡುವುದು? ಕಾಕಾ ಲಿಂಗ ಇಡಲೇಬೇಕೆಂದರು, ಇಲ್ಲದಿದ್ದರೆ ಜನ ಏನಂದಾರು ಎಂದರು. ಅಣ್ಣ ಅಪ್ಪನ ಮನಸ್ಸಿಗೆ ವಿರುದ್ಧ ಹೋಗುವುದು ಬೇಡ ಎಂದ. ಅಪ್ಪನನ್ನು ಒಂದು ತಿಂಗಳ ಹಿಂದೆ, ಆಸ್ಪತ್ರೆಯ ಮಂಚದ ಮೇಲಿದ್ದಾಗ, ನಾನೇ ಕೇಳಿದ್ದೆ. "ನನಗೇನ ಗೊತ್ತಾಗೂದೈತಿ ಆವಾಗ? ನಿಮಗ ಹೆಂಗ ಹಗುರ ಅನಸ್ತೈತಿ ಹಂಗ ಮಾಡ್ರಿ" ಎಂದಿದ್ದರು. ಬದುಕಿನುದ್ದಕ್ಕೂ ತಮ್ಮ ಆಯ್ಕೆಯನ್ನು ತಾವೇ ಮಾಡಿದ ಮನುಷ್ಯ ಕಡೆಯ ಆಯ್ಕೆಯನ್ನು ಹೀಗೆ ನಮ್ಮ ತಲೆಯ ಮೇಲೆ ಇಟ್ಟು ಹೋದರು. ಅದರಷ್ಟು ಭಾರವಾದ ಮಾತನ್ನು ಅವರು ನನಗೆ ಬೇರೆ ಯಾವಾಗಲೂ ಹೇಳಿರಲಿಲ್ಲ.

ಅಂಗಳದಲ್ಲಿ ವಾದ ನಡೆದಿರುವಾಗ ಅವ್ವ ಒಳಗೆ ಹೋಗಿ ಆಯಿಯ ಟ್ರಂಕು ತೆಗೆದಳು. ಇಳಕಲ್ ಸೀರೆಯ ಮಡಿಕೆಯಿಂದ ಬಂದ ಕರಡಿಗೆ ಕಪ್ಪಿಟ್ಟಿತ್ತು, ಶಿವದಾರ ಮುಟ್ಟಿದರೆ ಎಳೆ ಬಿಚ್ಚಿಕೊಳ್ಳುವಷ್ಟು ಜೀರ್ಣವಾಗಿತ್ತು. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು, ಇವರು ಲಿಂಗ ಬಿಟ್ಟವರಲ್ಲವೇ, ಮತ್ತೆ ದೀಕ್ಷೆಯಾಗದೆ ಹೇಗೆ ಎಂದು ಮೆಲ್ಲಗೆ ಕೇಳಿದರು. ಅವ್ವ ಅವರ ಮುಖ ನೋಡದೆ, ಕರಡಿಗೆಯ ಮುಚ್ಚಳ ತಿರುವುತ್ತ ಹೇಳಿದಳು: "ಇದು ಅವರದಲ್ಲರೀ ಅಜ್ಜಾರ, ಅವರ ಅವ್ವಂದು. ತಾಯಿ ಕಾಯ್ದಿಟ್ಟದ್ದು ಕೈಯಾಗ ಇರ್ಲಿ." ಅಯ್ಯನವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಗಲಿ ಎಂದರು. ಕಾಕಾನಿಗೆ ಲಿಂಗ ಕಂಡಿತು, ಅಣ್ಣನಿಗೆ ಆಯಿ ಕಂಡಳು, ಕ್ರಿಯೆ ಮುಗಿಯಿತು. ಅಪ್ಪನಿಗೆ ಇದು ಒಪ್ಪಿಗೆಯಾಗುತ್ತಿತ್ತೇ ಎಂದು ನಾನು ಎಷ್ಟೋ ರಾತ್ರಿ ಕೇಳಿಕೊಂಡಿದ್ದೇನೆ. ಒಪ್ಪುತ್ತಿದ್ದರು ಎಂದು ಒಮ್ಮೊಮ್ಮೆ ಅನಿಸುತ್ತದೆ, ಸತ್ತವರ ಪರವಾಗಿ ಒಪ್ಪುವುದು ಎಷ್ಟು ಸುಲಭ ಎಂದೂ ಅನಿಸುತ್ತದೆ.

ಈಗ ನಾನಿರುವ ಬೆಂಗಳೂರಿನ ಮನೆಯಲ್ಲಿ ಜೋಳದ ಚೀಲವಿಲ್ಲ. ಹಿಟ್ಟು ಪಾಕೀಟಿನಲ್ಲಿ ಬರುತ್ತದೆ, ರೊಟ್ಟಿ ಬಡಿಯಲು ಹೊತ್ತಿಲ್ಲದ ವಾರ ಉತ್ತರ ಕರ್ನಾಟಕದ ಖಾನಾವಳಿಯಿಂದ ಕಟಿರೊಟ್ಟಿಯ ಕಟ್ಟು ತರುತ್ತೇವೆ. ಹಿಡಿ ತೆಗೆಯಬೇಕಾದ ಗಳಿಗೆಯೇ ಅಡುಗೆಮನೆಯಿಂದ ಮಾಯವಾಗಿದೆ. ಕೆಲವು ವರ್ಷಗಳ ಹಿಂದೆ ನ್ಯಾಯಬುದ್ಧಿಯಿಂದಲೇ ಒಂದು ಏರ್ಪಾಟು ಮಾಡಿಕೊಂಡೆ: ಪ್ರತಿ ತಿಂಗಳ ಐದನೆಯ ತಾರೀಖು ನನ್ನ ಖಾತೆಯಿಂದ ಐದುನೂರು ರೂಪಾಯಿ ಒಂದು ವಿದ್ಯಾರ್ಥಿ ನಿಲಯಕ್ಕೆ ತಾನಾಗಿ ಜಮಾ ಆಗುತ್ತದೆ. ಲೆಕ್ಕದಲ್ಲಿ ಆಯಿಗಿಂತ ಹೆಚ್ಚೇ ಕೊಡುತ್ತಿದ್ದೇನೆ. ಆದರೆ ಆ ಹಣ ಹೋದದ್ದು ಮೊಬೈಲಿಗೆ ಮೆಸೇಜು ಬಂದಾಗ ನನಗೇ ಗೊತ್ತಾಗುವುದು, ಮಗಳಿಗೆ ಅದೂ ಗೊತ್ತಾಗುವುದಿಲ್ಲ. ಹಾಸಿಗೆಯಲ್ಲಿ ಮಲಗಿ ಅವಳು ಕೇಳುವಂಥ ಸದ್ದು ಅದರಲ್ಲಿಲ್ಲ. ಆಯಿ ನನಗೆ ದಾನದ ಬಗ್ಗೆ ಒಂದು ಮಾತನ್ನೂ ಕಲಿಸಲಿಲ್ಲ, ನಾನು ಕೇಳಿಸಿಕೊಂಡೆ, ಅಷ್ಟೆ. ಹೀಗೆಂದುಕೊಂಡು ಹೋದ ವರ್ಷ ಒಂದು ಸ್ಟೀಲ್ ಡಬ್ಬಿ ತಂದು, ಕುಕ್ಕರಿಗೆ ಅಕ್ಕಿ ಹಾಕುವಾಗ ಒಂದು ಹಿಡಿ ತೆಗೆಯಲು ಶುರುಮಾಡಿದೆ. ಮೂರು ತಿಂಗಳಾದ ಮೇಲೆ ನೋಡಿದರೆ ಅಕ್ಕಿಗೆ ಹುಳು ಬಿದ್ದಿತ್ತು. ತೆಗೆದುಕೊಂಡು ಹೋಗಲು ಚಕ್ಕಡಿ ಬರುವುದಿಲ್ಲವೆಂಬುದನ್ನೇ ನಾನು ಮರೆತಿದ್ದೆ. ಹಿಡಿಗೆ ಕೈ ಒಂದಿದ್ದರೆ ಸಾಲದು, ಅದನ್ನು ಕೂಡಿಸಿಕೊಳ್ಳಲು ಒಂದು ಊರೇ ಬೇಕು. ಈಗ ಅಕ್ಕಿಯನ್ನು ತಿಂಗಳಿಗೊಮ್ಮೆ ನಮ್ಮ ಬೀದಿಯ ಹಿಂದಿರುವ ಕಟ್ಟಡ ಕಾರ್ಮಿಕರ ಶೆಡ್ಡಿನಲ್ಲಿರುವ ಒಂದು ಕುಟುಂಬಕ್ಕೆ ಕೊಟ್ಟು ಬರುತ್ತೇನೆ. ಅವರು ಯಾದಗಿರಿ ಕಡೆಯವರು. ಅಕ್ಕಿಗಿಂತ ಜೋಳ ಇದ್ದರೆ ಚೆನ್ನಾಗಿತ್ತು ಎಂದು ಆ ಮನೆಯ ಅಜ್ಜಿ ಸಂಕೋಚವಿಲ್ಲದೆ ಹೇಳಿದಳು.

ಮಗಳಿಗೆ ಹದಿನಾರು. ಅವಳಿಗೂ ಲಿಂಗ ಕಟ್ಟಿಸಲಿಲ್ಲ. ಕಟ್ಟಿಸಲು ನನಗೇ ಅದು ಗೊತ್ತಿರಲಿಲ್ಲ. ಅಪ್ಪನ ತೀರ್ಮಾನ ನನ್ನನ್ನು ದಾಟಿ ಅವಳವರೆಗೆ ಹೀಗೆ ಸದ್ದಿಲ್ಲದೆ ಬಂದುಬಿಟ್ಟಿತು. ಈಚೆಗೆ ಅವಳು ಇಂಟರ್ನೆಟ್ಟಿನಲ್ಲಿ ನೋಡಿಕೊಂಡು ಇಷ್ಟಲಿಂಗದ ಮೇಲಿನ ಕಪ್ಪು ಕಂಥಿಯನ್ನು ಯಾವುದರಿಂದ ಮಾಡುತ್ತಾರೆ, ಅದನ್ನು ಅಂಗೈಯಲ್ಲಿಟ್ಟು ರೆಪ್ಪೆ ಮಿಟುಕಿಸದೆ ಯಾಕೆ ನೋಡುತ್ತಾರೆ ಎಂದೆಲ್ಲ ಕೇಳತೊಡಗಿದ್ದಾಳೆ. ನನ್ನಲ್ಲಿ ಉತ್ತರವಿಲ್ಲ. ಅವ್ವನಿಗೆ ಫೋನ್ ಮಾಡಲು ಹೇಳಿದೆ. ಇಬ್ಬರೂ ಮುಕ್ಕಾಲು ತಾಸು ಮಾತಾಡಿದರು. ಬಾಗಿಲ ಆಚೆ ನಿಂತು ನಾನು ಕೇಳಿಸಿಕೊಂಡೆ; ಅಪ್ಪ ಎಲೆ ಬಿಟ್ಟು ಎದ್ದು ಬಂದ ಕಥೆಯನ್ನೂ ಅವ್ವ ಬಿಡದೆ ಹೇಳುತ್ತಿದ್ದಳು.

ಮೊನ್ನೆ ಅಣ್ಣ ಫೋನ್ ಮಾಡಿದ್ದ. ಈ ಮಾಘಕ್ಕೆ ಪಕ್ಕದೂರಿನಲ್ಲಿ ಎತ್ತು, ಚಕ್ಕಡಿ ಬಾಡಿಗೆಗೆ ಸಿಗುತ್ತವಂತೆ, ಒಮ್ಮೆಯಾದರೂ ಆಯಿ ಹೇಳಿದ ಹಾಗೆಯೇ ಹೋಗಿ ಬರೋಣ ಎಂದ. ಎಷ್ಟು ಜನ ಎಂದು ತಿಳಿಸಬೇಕಂತೆ. ಮಗಳು ಪಕ್ಕದಲ್ಲೇ ಇದ್ದಳು, "ನಾ ಬರಲೇಬೇಕಾ?" ಎಂದು ಕೇಳಿದಳು. ಮೊಮ್ಮಕ್ಕಳು ಬರುತ್ತಾರೆ ಎಂದು ಆಯಿ ಮಾತು ಕೊಟ್ಟಿದ್ದಳು, ಮರಿಮಕ್ಕಳ ಹೆಸರು ಹೇಳಿರಲಿಲ್ಲ ಎಂದು ನಾನು ನೆನಪಿಸಿದೆ. ಹಾಗಾದರೆ ಯೋಚಿಸಿ ಹೇಳುತ್ತೇನೆ ಎಂದಳು. ಫ್ರಿಜ್ಜಿನ ಮೇಲೆ ಅಂಟಿಸಿರುವ ಚೀಟಿಯಲ್ಲಿ ಅವ್ವ, ಅಣ್ಣ, ಅತ್ತಿಗೆ, ನಾನು ಎಂದು ನಾಲ್ಕು ಹೆಸರು ಬರೆದು, ಕೆಳಗೆ ಒಂದು ಸಾಲಿನಷ್ಟು ಜಾಗ ಬಿಟ್ಟಿದ್ದೇನೆ. ಪೆನ್ನು ಅಲ್ಲೇ ದಾರದಲ್ಲಿ ತೂಗುತ್ತಿದೆ.